ಕೋರಂ ಸೇರದ ಗ್ರಾಮಸಭೆ: ಕಾಸರಗೋಡಿನ ಗಡಿ ವಾರ್ಡೊಂದರ ಕತೆ-ಲೆಕ್ಕ

ನವೆಂಬರ್ ಕೊನೆಯ ಭಾನುವಾರ ಮಧ್ಯಾಹ್ನ ಎರಡೂವರೆಗೆ ಕನ್ನಡ ಶಾಲೆಯ ಹಾಲಿನಲ್ಲಿ ಗ್ರಾಮಸಭೆ ಎಂದು ನೋಟೀಸು ಹೋಗಿತ್ತು. ಮೂರೂಕಾಲಿಗೆ ಸಂಯೋಜಕರಾಗಿ ಬಂದಿದ್ದ ಅಧಿಕಾರಿ ರಿಜಿಸ್ಟರು ಎಣಿಸಿದಾಗ ಇದ್ದದ್ದು 71 ಸಹಿ. ವಾರ್ಡಿನ ಮತದಾರರು 1,240. ಕೋರಂಗೆ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿಗೆ, ನೂರಕ್ಕೆ ಹತ್ತರಂತೆ 124 ಬೇಕು. ಬೆಂಚಿನಲ್ಲಿ ಕೂತವರನ್ನು ಎಣಿಸಿದ್ದರೆ 71 ಕೂಡ ಆಗುತ್ತಿರಲಿಲ್ಲ; ಸಹಿ ಹಾಕಿ, ಆಡು-ಕೋಳಿ ಯೋಜನೆಯ ಫಾರಂ ಹಿಡಿದು ಗೇಟು ದಾಟಿದವರೇ ಮೂವತ್ತರ ಮೇಲೆ. ಪಂಚಾಯತ್ ಅಧ್ಯಕ್ಷರು ಸಭೆ ಮುಂದೂಡಿದ್ದಾಗಿ ಬರೆಸಿ ಎದ್ದರು.

ಈ ವಾರ್ಡಿನ ಸದಸ್ಯೆ ಕೆಲಸಗಳ್ಳಿಯೇನೂ ಅಲ್ಲ. ಬೆಳಿಗ್ಗೆ ಆರಕ್ಕೆ ಫೋನ್ ಎತ್ತುತ್ತಾರೆ, ರಾತ್ರಿ ಬಯಲಾಟದ ಚೌಕಿಯವರೆಗೂ ಕಾಣಿಸಿಕೊಳ್ಳುತ್ತಾರೆ. ಇಂಥವರ ವಾರ್ಡಿನಲ್ಲೇ ಗ್ರಾಮಸಭೆ ಖಾಲಿ ಯಾಕೆ ಎನ್ನುವುದು ಈ ಪ್ರಕರಣದ ಪ್ರಶ್ನೆ. ವಾರ್ಡು ಯಾವುದೇ ಒಂದು ಪಂಚಾಯತಿನದ್ದಲ್ಲ. ವರ್ಕಾಡಿ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು ಕಡೆಯ ಕನ್ನಡ ವಾರ್ಡುಗಳ ಲಕ್ಷಣಗಳನ್ನು ಸೇರಿಸಿ ಕಟ್ಟಿದ ಮಾದರಿ ಇದು. ವಾರ್ಡಿನ ಒಳಗಿನ ಸಂಖ್ಯೆಗಳು ಈ ಮಾದರಿಯವು. ಕಾನೂನು, ಯೋಜನೆ, ವರ್ಷಗಳು ಕೇರಳದವೇ.

ವಾರ್ಡು

ನಡುವೆ ಒಂದು ತೋಡು, ಅಂದರೆ ಸಣ್ಣ ಹೊಳೆ. ಪಶ್ಚಿಮಕ್ಕೆ ಶಾಲೆ, ರೇಷನ್ ಅಂಗಡಿ, ಹಾಲಿನ ಸೊಸೈಟಿ, ಡಾಮರು ರಸ್ತೆ, 810 ಮತದಾರರು. ಪೂರ್ವಕ್ಕೆ ಗುಡ್ಡೆ, ಅಡಿಕೆ ತೋಟ, ಒಂದು ಅಂಗನವಾಡಿ, ಪರಿಶಿಷ್ಟ ಪಂಗಡದವರ ಹದಿನಾಲ್ಕು ಮನೆಗಳ ಒಂದು ಗುಂಪು, 430 ಮತದಾರರು. ಆ ಹದಿನಾಲ್ಕು ಮನೆಗಳಿದ್ದ ಕಡೆಗೆ ಮೊದಲು ‘ಕಾಲನಿ’ ಎಂದು ಬೋರ್ಡಿತ್ತು. 2024ರ ಜೂನ್‌ನಲ್ಲಿ ಕೇರಳ ಸರಕಾರ ಆ ಪದ ಬೇಡವೆಂದು ಆದೇಶಿಸಿದ ಮೇಲೆ ‘ನಗರ’ ಆಗಿದೆ. ಬೋರ್ಡು ಬದಲಾಯಿತು, ದಾರಿ ಬದಲಾಗಲಿಲ್ಲ. ಎರಡು ದಡಕ್ಕೂ ನಡುವೆ ಇರುವುದು ಅಡಿಕೆಮರ ಅಡ್ಡ ಹಾಕಿದ ಒಂದು ಸಂಕ. ಜೂನ್‌ನಲ್ಲಿ ಹೊಳೆ ಅದನ್ನು ಒಯ್ಯುತ್ತದೆ, ಅಕ್ಟೋಬರದಲ್ಲಿ ಊರವರು ಮತ್ತೆ ಹಾಕುತ್ತಾರೆ. ಸಂಕ ಇಲ್ಲದ ನಾಲ್ಕು ತಿಂಗಳು ಶಾಲೆಗೆ ಮೂರೂವರೆ ಕಿಲೋಮೀಟರ್ ಸುತ್ತು.

ಮಾತು ತುಳು, ಹವ್ಯಕ ಕನ್ನಡ, ಮರಾಟಿ, ಬ್ಯಾರಿ, ಮಲಯಾಳ. ಓದುವುದು ಹೆಚ್ಚಿನವರು ಕನ್ನಡ. ಪಂಚಾಯತಿನಿಂದ ಬರುವ ಕಾಗದ ಮಲಯಾಳ. ಈ ಒಂದು ಸಾಲಿನೊಳಗೆ ಮೆಂಬರಕ್ಕನ ಅರ್ಧ ದಿನ ಅಡಗಿದೆ.

ಮೆಂಬರಕ್ಕನ ದಿನ

ನವೆಂಬರ್ ತಿಂಗಳಿಡೀ ಸದಸ್ಯೆ ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಬಂದವರು, ಫೋನ್ ಮಾಡಿದವರು, ವಿಷಯ, ಏನಾಯಿತು ಎಂದು ನಾಲ್ಕು ಗೆರೆ ಹಾಕಿ ಬರೆದಿಟ್ಟರು. ಒಟ್ಟು 286 ನಮೂದು. ಪಿಂಚಣಿ ಮತ್ತು ರೇಷನ್ 74, ಪತ್ರ-ಸರ್ಟಿಫಿಕೇಟು 63, ಬೀದಿದೀಪ 38, ರಸ್ತೆ 31, ನೀರು 27, ಆಸ್ಪತ್ರೆ 21, ಮನೆಜಗಳ ಮತ್ತು ಗಡಿತಕರಾರು 9, ಉಳಿದದ್ದು 23.

ಈ ಲೆಕ್ಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೀದಿದೀಪ. 38 ದೂರು ಬಂದದ್ದು ಹನ್ನೊಂದೇ ಕಂಬಗಳ ಬಗ್ಗೆ. ‘ಭಟ್ರ ತೋಟದ ಹತ್ರದ ಲೈಟು’ ಎಂದರೆ ಗುತ್ತಿಗೆದಾರನ ಹುಡುಗನಿಗೆ ಅರ್ಥವಾಗುವುದಿಲ್ಲ. ಅವನು ಬಂದು, ಕಾಣದೆ, ಹೋಗುತ್ತಾನೆ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕಂಬದ ಮೇಲೆ ಬರೆದ ನಂಬರು ಹಗಲಲ್ಲಿ ಫೋಟೋ ತೆಗೆದು ಕಳಿಸಿದರೆ ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ. ಡಿಸೆಂಬರದಲ್ಲಿ ಹಾಗೆ ಮಾಡಿದರು. ದೂರು ಹನ್ನೆರಡಕ್ಕೆ ಇಳಿಯಿತು.

ಸರ್ಟಿಫಿಕೇಟಿನ ಕತೆ ಬೇರೆ. ವಾರ್ಡ್ ಸದಸ್ಯರ ಲೆಟರ್‌ಹೆಡ್‌ಗೆ ಊರಲ್ಲಿ ಇರುವ ಬೆಲೆ ಆಫೀಸುಗಳಲ್ಲಿ ಇಲ್ಲ. ಆದಾಯ, ಜಾತಿ, ಭೂಮಿ ಸಂಬಂಧದ ಸರ್ಟಿಫಿಕೇಟು ವಿಲೇಜ್ ಆಫೀಸಿನದ್ದು. ಆಧಾರ್‌ನ ವಿಳಾಸ ತಿದ್ದುಪಡಿಗೆ ನಿಗದಿತ ನಮೂನೆಯಲ್ಲಿ ಸಹಿ ಹಾಕಬೇಕಾದವರು ಪಂಚಾಯತ್ ಅಧ್ಯಕ್ಷರೋ ಕಾರ್ಯದರ್ಶಿಯೋ. ವಾರ್ಡ್ ಸದಸ್ಯರ ಸಹಿ ಕೊಂಡು ಹೋದವರು ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಿಂದ ತಿರುಗಿ ಬರುತ್ತಾರೆ. 63ರಲ್ಲಿ 22 ಇಂಥ ವ್ಯರ್ಥ ಪತ್ರಗಳು. “ನಾನು ಬರೆದು ಕೊಡ್ತೇನೆ, ಆದ್ರೆ ಅವರು ತಕೊಳ್ಳುವುದಿಲ್ಲ ಅಜ್ಜಿ” ಎಂದು ಹೇಳುವುದಕ್ಕಿಂತ ಬರೆದು ಕೊಡುವುದೇ ಸುಲಭ ಎನಿಸುತ್ತದೆ, ಇಲ್ಲ ಎಂದರೆ ಮುಖ ಬಾಡುತ್ತದೆ. ಹಾಗೆ ಬರೆದು ಕೊಟ್ಟದ್ದಕ್ಕೆ ಬಡವರ ಒಂದು ದಿನದ ಸಂಬಳ ಮತ್ತು ಬಸ್ಸಿನ ದುಡ್ಡು ಹೋಗುತ್ತದೆ.

ಪಿಂಚಣಿ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ವರ್ಷದ ಮಸ್ಟರಿಂಗ್, ಅಂದರೆ ಬದುಕಿದ್ದೇವೆಂದು ಬೆರಳಚ್ಚು ಕೊಟ್ಟು ತೋರಿಸುವುದು. ಅಕ್ಷಯದಲ್ಲಿ ಬೆರಳು ಕೊಡಬೇಕೆಂಬ ಸುದ್ದಿ ಮಲಯಾಳದ ಸಂದೇಶವಾಗಿ ಬರುತ್ತದೆ. ಫೋನು ಇರುವುದು ಮಂಗಳೂರಿನಲ್ಲಿರುವ ಮಗನ ಕೈಯಲ್ಲಿ. ಬೀಡಿ ಕಟ್ಟಿ, ಅಡಿಕೆ ಸುಲಿದು ಸವೆದ ಬೆರಳು ಯಂತ್ರಕ್ಕೆ ಹಿಡಿಸುವುದಿಲ್ಲ. ಇನ್ನೊಂದು ಆದಾಯ: ಕುಟುಂಬದ ವರ್ಷದ ಆದಾಯ ಒಂದು ಲಕ್ಷ ದಾಟಬಾರದು. ಗಲ್ಫಿಗೆ ಹೋದ ಮಗನನ್ನು ಅದೇ ರೇಷನ್ ಕಾರ್ಡಿನಲ್ಲಿ ಇಟ್ಟುಕೊಂಡು ಪಿಂಚಣಿ ಕೇಳಿದರೆ ತೊಡಕು ಆಗಿಯೇ ಆಗುತ್ತದೆ. ರೇಷನ್ ಕಾರ್ಡು ಪಿಂಕ್ (ಆದ್ಯತಾ ಪಟ್ಟಿಯದ್ದು) ಮಾಡಿಸಬೇಕೆಂದು ಬರುವವರಿಗೆ ಸದಸ್ಯೆ ಈಗ ಜಗಲಿಯಲ್ಲೇ ಕೇಳುತ್ತಾರೆ: ಮನೆ ಸಾವಿರ ಚದರಡಿಗಿಂತ ದೊಡ್ಡದೋ? ಜಾಗ ಒಂದು ಎಕ್ರೆ ಮೀರಿದೆಯೋ? ಸ್ವಂತಕ್ಕೆ ಕಾರು ಉಂಟೋ? ಸರಕಾರಿ ಕೆಲಸದವರು ಇದ್ದಾರೋ? ಒಂದಕ್ಕೆ ಹೌದು ಎಂದರೂ ಅರ್ಜಿ ಹಾಕಿಸುವುದಿಲ್ಲ.

ಇನ್ನು ಹೇಳಿಕೆಗಳು. ನವೆಂಬರದಲ್ಲಿ ಬಂದ ಆಮಂತ್ರಣ 23: ಹನ್ನೆರಡು ಮದುವೆ-ನಿಖಾಹ್, ನಾಲ್ಕು ಗೃಹಪ್ರವೇಶ, ಮೂರು ಬೊಜ್ಜ (ಉತ್ತರಕ್ರಿಯೆ), ಎರಡು ಬಯಲಾಟ, ಒಂದು ಭಜನಾ ಮಂದಿರದ ವಾರ್ಷಿಕ, ಒಂದು ಕ್ಲಬ್ಬಿನ ಕಬಡ್ಡಿ. ಗ್ರಾಮ ಪಂಚಾಯತ್ ಸದಸ್ಯರ ಗೌರವಧನ 2021ರ ಏಪ್ರಿಲ್‌ನಿಂದ ತಿಂಗಳಿಗೆ 8,000 ರೂಪಾಯಿ ಆಯಿತು. ಲಕೋಟೆಗೆ ಕನಿಷ್ಠ 200 ಎಂದರೂ 23 ಕಡೆಗೆ 4,600. ಕ್ಲಬ್ಬಿನ ಟ್ರೋಫಿ, ಮಂದಿರದ ವಂತಿಗೆ ಬೇರೆ. ಸ್ಕೂಟರಿನ ಪೆಟ್ರೋಲು ಬೇರೆ. ಕೈಯಿಂದ ಹಾಕದೆ ಮೆಂಬರಿಕೆ ಮಾಡಿದವರು ಈ ಊರಲ್ಲಿ ಕಡಿಮೆ. ಬೊಜ್ಜಕ್ಕೆ ಹೋಗದಿದ್ದರೆ ಮಾತ್ರ ಜನ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಹಳಬರ ಲೆಕ್ಕಾಚಾರ, ಅದು ಸರಿಯೇ. ಮದುವೆಯಲ್ಲಿ ಐನೂರು ಮಂದಿಯಲ್ಲಿ ಒಬ್ಬರು ಕಾಣದಿದ್ದರೆ ಗೊತ್ತಾಗುವುದಿಲ್ಲ, ಸಾವಿನ ಮನೆಯಲ್ಲಿ ಗೊತ್ತಾಗುತ್ತದೆ.

ಇವುಗಳ ನಡುವೆ ಪಂಚಾಯತ್ ಸಮಿತಿ, ಸ್ಥಾಯಿ ಸಮಿತಿ, ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀಯ ಎಡಿಎಸ್ (ವಾರ್ಡು ಮಟ್ಟದ ಕೂಟ) ಸಭೆ, ಅಂಗನವಾಡಿಯ ಸಮಿತಿ, ಶಾಲೆಯ ಪಿಟಿಎ, ತಿಂಗಳಿಗೊಮ್ಮೆ ಪಾಲಿಯೇಟಿವ್ ನರ್ಸಿನ ಜತೆ ಹಾಸಿಗೆ ಹಿಡಿದವರ ಮನೆಭೇಟಿ. ಈ ಕೊನೆಯದು ಯಾರ ಕಣ್ಣಿಗೂ ಬೀಳದ ಕೆಲಸ. ಬಹುಶಃ ಅದಕ್ಕೇ ಅದು ಚೆನ್ನಾಗಿ ನಡೆಯುತ್ತದೆ.

71 ಯಾಕೆ?

ಮೊದಲ ಉತ್ತರ ಎಲ್ಲರ ಬಾಯಲ್ಲೂ ಒಂದೇ: ‘ಆ ದಿನ ಮದುವೆ ಇತ್ತು.’ ಇತ್ತು, ಮೂರು ಇತ್ತು. ಕಾರ್ತಿಕದ ಭಾನುವಾರ ಗ್ರಾಮಸಭೆ ಇಡುವುದೆಂದರೆ ಊಟದ ಪಂಕ್ತಿಯ ಜತೆ ಸ್ಪರ್ಧೆಗೆ ಇಳಿದಂತೆ. ಅಡಿಕೆ ಕೊಯ್ಲೂ ಶುರುವಾಗಿತ್ತು.

ಎರಡನೆಯದು ನೋಟೀಸು. ಪಂಚಾಯತಿನಿಂದ ಬಂದದ್ದು ಮಲಯಾಳದ ಒಂದು ಹಾಳೆ. ಅದನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಕನ್ನಡ ಲಿಪಿಗೆ ಇಳಿಸಿ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಲಿಪಿ ಕನ್ನಡವಾಯಿತು, ಮಾತು ಮಲಯಾಳವಾಗಿಯೇ ಉಳಿಯಿತು. ‘ಗ್ರಾಮಸಭಾ ಯೋಗ’ ಎಂದಿತ್ತು. ಮಲಯಾಳದಲ್ಲಿ ಯೋಗ ಎಂದರೆ ಸಭೆ. ಇಲ್ಲಿನ ಅಜ್ಜಂದಿರಿಗೆ ಅದು ಹಣೆಬರಹ, ಮಕ್ಕಳಿಗೆ ಬೆಳಗ್ಗಿನ ವ್ಯಾಯಾಮ. ‘ವಾರ್ಷಿಕ ಪದ್ಧತಿ’ ಎಂದರೆ ವಾರ್ಷಿಕ ಯೋಜನೆ. ‘ಅಪೇಕ್ಷೆ’ ಎಂದರೆ ಅರ್ಜಿ. ‘ಅವಸಾನ ತೀಯತಿ’ ಎಂದರೆ ಕೊನೆಯ ದಿನಾಂಕ, ಕನ್ನಡ ಓದುವವರಿಗೆ ಅದು ಯಾರದ್ದೋ ಸಾವಿನ ಸುದ್ದಿ. ಎರಡು ಭಾಷೆಗಳಿಗೂ ಸಂಸ್ಕೃತದ ಪದಗಳು ಸಮಾನ ಎಂಬ ನಂಬಿಕೆಯೇ ಇಲ್ಲಿ ಕಾಲಿಗೆ ತೊಡರುವುದು. ಪದ ಒಂದೇ, ಅರ್ಥ ಬೇರೆ.

ಇದರಲ್ಲಿ ಹಕ್ಕಿನ ಮಾತೂ ಇದೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳ ಜತೆ ಪತ್ರವ್ಯವಹಾರ ಮಾಡಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಹಾಳೆ ತಾನೇ ಕನ್ನಡವಾಗುವುದಿಲ್ಲ. ಯಾರಾದರೂ ಬರೆದು ಕೇಳಬೇಕು. ಬಾಯಲ್ಲಿ ಕೇಳಿದರೆ ಆಫೀಸಿನವರಿಗೆ ಮರೆಯಲು ಸುಲಭ.

ಮೂರನೆಯದು ಜಾಗ. ಶಾಲೆ ತೋಡಿನ ಪಶ್ಚಿಮಕ್ಕೆ. 71ರಲ್ಲಿ ಪೂರ್ವದವರು ಒಂಬತ್ತೇ ಮಂದಿ.

ಈ ಮೂರೂ ನಿಜ, ಆದರೆ ಮೂರನ್ನೂ ಸರಿಮಾಡಿದರೂ ಅರ್ಧವೇ ಆಗುತ್ತಿತ್ತು. ದೊಡ್ಡ ಕಾರಣ ಆ ಇನ್ನೂರು ಪುಟದ ಪುಸ್ತಕದಲ್ಲೇ ಇತ್ತು. ಮೆಂಬರಕ್ಕನ ಜಗಲಿಗೆ ಹೋದರೆ ಕೆಲಸ ಆಗುತ್ತದೆ ಎಂದ ಮೇಲೆ ಸಭೆಗೆ ಯಾಕೆ ಹೋಗಬೇಕು? ರಸ್ತೆಯ ಬಗ್ಗೆ ಬಂದ 31 ನಮೂದುಗಳಲ್ಲಿ ಒಬ್ಬರೂ ಗ್ರಾಮಸಭೆಯಲ್ಲಿ ಅದೇ ಮಾತನ್ನು ಎತ್ತಿರಲಿಲ್ಲ. ಮನೆಬಾಗಿಲಲ್ಲಿ ಎಷ್ಟು ಚುರುಕಾಗಿ ಕೆಲಸವಾಗುತ್ತದೋ ಅಷ್ಟೇ ಚುರುಕಾಗಿ ಸಭೆ ಖಾಲಿಯಾಗುತ್ತದೆ. ಇದರ ಪೆಟ್ಟು ಬೀಳುವುದು ಜಗಲಿಗೆ ಬರಲಾರದವರಿಗೆ. ನಗರದ ಹದಿನಾಲ್ಕು ಮನೆಗಳಿಂದ ಇಡೀ ನವೆಂಬರದಲ್ಲಿ ಬಂದ ನಮೂದು ಎರಡು.

ಮತ್ತೊಂದು ಎಡವಟ್ಟು ಅಕ್ಟೋಬರದಲ್ಲೇ ಆಗಿತ್ತು. ಪಶ್ಚಿಮದ ಒಂದು ಗೃಹಪ್ರವೇಶದಲ್ಲಿ, ಊಟದ ಎಲೆ ಎದುರು, “ಈ ಸಲ ನಿಮ್ಮ ರಸ್ತೆಗೆ ಕಾಂಕ್ರೀಟ್ ಹಾಕಿಸಿಯೇ ಹಾಕಿಸ್ತೇನೆ ಮಾವ” ಎಂದು ಸದಸ್ಯೆ ಹಿರಿಯರೊಬ್ಬರಿಗೆ ಹೇಳಿಬಿಟ್ಟಿದ್ದರು. ಕಾನೂನಿನಲ್ಲಿ ವಾರ್ಡಿಗೆಂದು ಪ್ರತ್ಯೇಕ ನಿಧಿ ಇಲ್ಲ. ರೂಢಿಯಲ್ಲಿ ಪಂಚಾಯತ್ ಸಮಿತಿ ಹಂಚಿಕೊಳ್ಳುವ ‘ವಾರ್ಡು ಪಾಲು’ ಇದೆ. ಆ ಪಾಲಿಗೆ ಆದ್ಯತೆ ಕಟ್ಟಬೇಕಾದದ್ದು ಗ್ರಾಮಸಭೆ. ಎಲೆಯ ಎದುರಿನ ಮಾತು ಇದನ್ನೆಲ್ಲ ದಾಟಿ ಹೋಗಿತ್ತು.

ಮುಂದೂಡಿದ ಸಭೆ

ಕೇರಳ ಪಂಚಾಯತ್ ರಾಜ್ ಕಾನೂನು 1994ರದ್ದು. ಅದರ ಪ್ರಕಾರ ಗ್ರಾಮಸಭೆಯ ಸಂಚಾಲಕರು ವಾರ್ಡ್ ಸದಸ್ಯರೇ. ಮೂರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಸತತ ಎರಡು ಸಲ ಕರೆಯದಿದ್ದರೆ ಸದಸ್ಯತ್ವಕ್ಕೇ ಕುತ್ತು. ಅಧ್ಯಕ್ಷತೆ ಪಂಚಾಯತ್ ಅಧ್ಯಕ್ಷರದ್ದು. ಕೋರಂ ಇಲ್ಲದೆ ಮುಂದೂಡಿದ ಸಭೆಗೆ ಮಾತ್ರ 50 ಮಂದಿ ಸಾಕು.

ಈ 50ರ ನಿಯಮದಲ್ಲಿ ಒಂದು ಸೋಮಾರಿ ದಾರಿ ಇದೆ. ಮೊದಲ ಸಭೆಯನ್ನು ಹೆಸರಿಗೆ ಕರೆದು ಬೀಳಿಸುವುದು, ಎರಡನೆಯದನ್ನು ಕುಟುಂಬಶ್ರೀಯವರನ್ನೇ ಕೂರಿಸಿ ಮುಗಿಸುವುದು. ಇನ್ನೂ ಕೆಟ್ಟದ್ದು ರಿಜಿಸ್ಟರನ್ನು ಮನೆಮನೆಗೆ ಹೊತ್ತು ಸಹಿ ಹಾಕಿಸುವುದು. ಎರಡರಲ್ಲೂ ಕಾಗದ ಸರಿಯಾಗುತ್ತದೆ. ಆದರೆ ಆಮೇಲೆ ಫಲಾನುಭವಿ ಪಟ್ಟಿಯ ಬಗ್ಗೆ ತಕರಾರು ಎದ್ದರೆ, ‘ಆ ದಿನ ಅಂಥ ಚರ್ಚೆಯೇ ಆಗಲಿಲ್ಲ’ ಎನ್ನುವವರ ಎದುರು ನಿಲ್ಲಲು ಸದಸ್ಯರಿಗೆ ನೆಲವಿರುವುದಿಲ್ಲ.

ಇಲ್ಲಿ ಹಾಗೆ ಮಾಡಲಿಲ್ಲ. ದಿನ ಹುಡುಕುವುದಕ್ಕೇ ಎರಡು ದಿನ ಹೋಯಿತು. ಧನುರ್ಮಾಸದಲ್ಲಿ ಹಿಂದೂಗಳ ಮದುವೆ, ಗೃಹಪ್ರವೇಶ ಇಲ್ಲ, ಹಾಗಾಗಿ ಡಿಸೆಂಬರ್ ಕೊನೆಯ ವಾರ ಖಾಲಿ ಎಂದು ಮೊದಲು ಅನಿಸಿತು. ಆದರೆ ಗಲ್ಫಿನಿಂದ ರಜೆಗೆ ಬಂದವರ ನಿಖಾಹ್ ಆ ವಾರದಲ್ಲೇ ಬೀಳುತ್ತದೆ; ಅಯ್ಯಪ್ಪ ವ್ರತದವರ ದೀಪೋತ್ಸವ ಸಂಜೆಗೆ; ಬೀಡಿ ಬ್ರಾಂಚಿಗೆ ಕೊಡುವ ದಿನ ಹೆಂಗಸರು ಸಿಗುವುದಿಲ್ಲ. ಜಮಾಅತ್ ಸಮಿತಿ, ಭಜನಾ ಮಂದಿರ, ಬೀಡಿ ಬ್ರಾಂಚು, ಮೂರು ಕಡೆ ಕೇಳಿ ಕ್ರಿಸ್ಮಸ್ ರಜೆಯ ಒಂದು ಭಾನುವಾರ ಹನ್ನೊಂದು ಗಂಟೆ ಗೊತ್ತುಮಾಡಿದರು. ಜಾಗ ಈ ಸಲ ಪೂರ್ವದ ಅಂಗನವಾಡಿಯ ಅಂಗಳ. ಮಂದಿರದ ಸಭಾಂಗಣ ದೊಡ್ಡದಿತ್ತು, ಬಾಡಿಗೆಯೂ ಇರಲಿಲ್ಲ. ಆದರೆ ಅಲ್ಲಿಗೆ ಬರಲು ಹಿಂಜರಿಯುವವರು ಇರುತ್ತಾರೆ. ಅಂಗನವಾಡಿಗೆ ಎಲ್ಲರ ಮಕ್ಕಳೂ ಹೋಗುತ್ತಾರೆ. ಕುರ್ಚಿ ಕ್ಲಬ್ಬಿನದ್ದು, 120. ಟಾರ್ಪಾಲು ಅಡಿಕೆ ಮುಚ್ಚುವಂಥದ್ದು, ನಾಲ್ಕು.

ನೋಟೀಸನ್ನು ಈ ಸಲ ಕನ್ನಡದಲ್ಲೂ ಕೊಡಬೇಕೆಂದು ಸದಸ್ಯೆ ಕಾರ್ಯದರ್ಶಿಗೆ ಕನ್ನಡದಲ್ಲೇ ಪತ್ರ ಬರೆದು, ಸ್ವೀಕೃತಿ ಸಂಖ್ಯೆ ಬರೆಸಿಕೊಂಡರು. ಕರಡು ತಯಾರಿಸಿದ್ದು ಶಾಲೆಯ ನಿವೃತ್ತ ಮಾಸ್ಟ್ರು. ಒಂದು ಕಡೆ ಕನ್ನಡ, ಬೆನ್ನಿಗೆ ಮಲಯಾಳ. ಬರೀ ಕನ್ನಡ ಹಾಕಿದ್ದರೆ ಹೊಸದಾಗಿ ಬಂದು ನೆಲೆಸಿದ ಮಲಯಾಳದ ಮನೆಗಳಿಗೆ ಇದೇ ಅನ್ಯಾಯ ತಿರುಗಿ ಆಗುತ್ತಿತ್ತು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ಮೂರೇ ಸಾಲು: ಯಾವಾಗ, ಎಲ್ಲಿ, ಏನು ತೀರ್ಮಾನ ಆಗಲಿಕ್ಕುಂಟು. ‘ವಿವಿಧ ವಿಷಯಗಳ ಚರ್ಚೆ’ ಎಂಬ ಸಾಲನ್ನು ತೆಗೆದುಹಾಕಿದರು. ಅದನ್ನು ಓದಿ ಸಭೆಗೆ ಬಂದವರು ಈವರೆಗೆ ಇಲ್ಲ.

ಸಭೆಗೆ ಹತ್ತು ದಿನ ಮೊದಲು ಅಯಲ್ಕೂಟಗಳು. ಕುಟುಂಬಶ್ರೀ ಶುರುವಾದದ್ದು 1998ರಲ್ಲಿ; ಹತ್ತರಿಂದ ಇಪ್ಪತ್ತು ಹೆಂಗಸರ ಅಯಲ್ಕೂಟ, ವಾರ್ಡಿಗೆ ಎಡಿಎಸ್, ಪಂಚಾಯತಿಗೆ ಸಿಡಿಎಸ್. ಈ ವಾರ್ಡಿನಲ್ಲಿ ಹದಿಮೂರು ಅಯಲ್ಕೂಟ. ಪ್ರತಿಯೊಂದರ ವಾರದ ಸಭೆಯಲ್ಲಿ ಇಪ್ಪತ್ತು ನಿಮಿಷ ಕೇಳಿ, ‘ನಿಮ್ಮ ಕಡೆಯಿಂದ ಒಂದೇ ಕೆಲಸ ಆಗುವುದಾದರೆ ಯಾವುದು?’ ಎಂಬುದಕ್ಕೆ ಒಂದೇ ಉತ್ತರ ಬರೆಸಿದರು. ಮೂರು ಕೇಳಿದರೆ ಜನ ಹತ್ತು ಹೇಳುತ್ತಾರೆ. ಹದಿನಾಲ್ಕು ಮನೆಗಳ ನಗರಕ್ಕೆ ಪರಿಶಿಷ್ಟ ಪಂಗಡ ಇಲಾಖೆಯ ಪ್ರೊಮೋಟರ್ ಜತೆ ಹೋಗಿ ಸಂಜೆ ಆರರ ನಂತರ ಕೂತರು, ಕೂಲಿ ಮುಗಿಸಿ ಬರುವ ಹೊತ್ತು ಅದು.

ಜಗಲಿಯ ಪದ್ಧತಿಯನ್ನೂ ಬಿಗಿಮಾಡಿದರು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ವೈಯಕ್ತಿಕ ಅರ್ಜಿ. ರಸ್ತೆ, ಸಂಕ, ನೀರಿನ ಟ್ಯಾಂಕಿ, ಅಂದರೆ ಹತ್ತು ಮನೆಗೆ ಸೇರಿದ ಯಾವ ವಿಷಯವನ್ನೂ ಜಗಲಿಯಲ್ಲಿ ತೀರ್ಮಾನಿಸುವುದಿಲ್ಲ; ಪುಸ್ತಕದಲ್ಲಿ ಬರೆದು, ‘ಸಭೆಯಲ್ಲಿ ನೀವೇ ಹೇಳಬೇಕು’ ಎನ್ನುವುದು. ಕೆಲವರಿಗೆ ಸಿಟ್ಟು ಬಂತು. “ಓಟಿಗೆ ಬರುವಾಗ ನಮ್ಮ ಮನೆಗೇ ಬಂದಿದ್ರಲ್ಲ?” ಎಂದು ಒಬ್ಬರು ಮುಖಕ್ಕೇ ಕೇಳಿದರು. ಅದಕ್ಕೆ ಉತ್ತರ ಇರಲಿಲ್ಲ.

ಸಭೆಯ ದಿನ ಫಾರಂ ಹಂಚುವ ಕ್ರಮ ತಿರುಗಿಸಿದ್ದೇ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಬಾಗಿಲಲ್ಲಿ ಸಹಿ ಮಾತ್ರ. ಫಾರಂ ಚರ್ಚೆ ಮುಗಿದ ಮೇಲೆ. ಹನ್ನೊಂದೂವರೆಗೆ 96, ಹನ್ನೆರಡಕ್ಕೆ 148. ಕಾನೂನಿಗೆ ಬೇಕಾದದ್ದು 50. ಮೊದಲ ಸಭೆಯ 124ನ್ನೂ ದಾಟಿತ್ತು. ಪೂರ್ವದವರು 83.

ಸಂಕವೋ ರಸ್ತೆಯೋ

ಮನೆ ಇಲ್ಲದವರಿಗೆ ನೆರವು ಕೊಡುವ ಕೇರಳದ ಲೈಫ್ ಯೋಜನೆಯ ಮನೆಪಟ್ಟಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಮಾನ್ಯ ವಿಭಾಗಕ್ಕೆ ನಾಲ್ಕು ಲಕ್ಷದ ನೆರವು, 420 ಚದರಡಿಯ ಮನೆ ಎಂದು ವಿವರಿಸಿ, ನೆರವು ಸಿಗುತ್ತದೆಂದು ದೊಡ್ಡ ಅಡಿಪಾಯ ಹಾಕಿ ಅರ್ಧಕ್ಕೆ ನಿಲ್ಲಿಸಿದ ಎರಡು ಮನೆಗಳ ಮಾತು ಬಂತು. ಒಂದು ಕುಟುಂಬದ ಜಾಗದ ಹಳೆಯ ಆಧಾರ (ದಸ್ತಾವೇಜು) ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದ್ದು, ಕನ್ನಡ ಕೈಬರಹದ್ದು. ಅದರ ಹೆಸರಿಗೂ ಈಗಿನ ತೆರಿಗೆ ರಶೀದಿಯ ಮಲಯಾಳದ ಹೆಸರಿಗೂ ತಾಳೆಯಿಲ್ಲ. ‘ನಾಯ್ಕ’ ಒಂದರಲ್ಲಿ, ‘ನಾಯಕ್’ ಇನ್ನೊಂದರಲ್ಲಿ, ಆಧಾರ್ ಕಾರ್ಡಿನಲ್ಲಿ ಮನೆಹೆಸರು ಮುಂದೆ. ಮೂವರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ಸರ್ಟಿಫಿಕೇಟು ತರಬೇಕು. ಇದಕ್ಕೆ ವಾರ್ಡ್ ಸದಸ್ಯರ ಪತ್ರ ಸಾಲದು.

ಆಮೇಲೆ ರಸ್ತೆ. ಪಶ್ಚಿಮದ ಬೇಡಿಕೆ 120 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟು. ಲೆಕ್ಕ ಹಾಕಿದರೆ 54 ಘನ ಮೀಟರ್. ಒಂದು-ಒಂದೂವರೆ-ಮೂರರ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು ಎಂಟು ಚೀಲದಂತೆ 430 ಚೀಲ ಸಿಮೆಂಟು. ಪೂರ್ವದ ಬೇಡಿಕೆ 9 ಮೀಟರ್ ಉದ್ದದ ಕಾಲುಸಂಕ. ಹದಿಮೂರು ಅಯಲ್ಕೂಟಗಳ ಚೀಟಿ ಓದಿದಾಗ ಸಂಕಕ್ಕೆ ಆರು, ರಸ್ತೆಗೆ ನಾಲ್ಕು, ನೀರಿಗೆ ಮೂರು. ಕೈ ಎತ್ತಿಸಿದಾಗ ಸಂಕ 91, ರಸ್ತೆ 44.

ರಸ್ತೆಯ ಕಡೆಯವರೊಬ್ಬರು ಸರಿಯಾದ ಪ್ರಶ್ನೆಯನ್ನೇ ಎತ್ತಿದರು: ಕಾಂಕ್ರೀಟು ಹಾಕುವ ಮೊದಲು ನೀರಿನ ಪೈಪು ಎಲ್ಲಿ? ಆ ಬದಿಗೆ ಜಲಜೀವನ ಮಿಷನ್ನಿನ ಪೈಪು ಇನ್ನೂ ಬಂದಿರಲಿಲ್ಲ. ಹೊಸ ಕಾಂಕ್ರೀಟನ್ನು ಆರು ತಿಂಗಳಲ್ಲಿ ಕೊರೆದು ಪೈಪು ಹಾಕಿದ ರಸ್ತೆಗಳನ್ನು ಎಲ್ಲರೂ ಕಂಡಿದ್ದಾರೆ. ಕೊರೆದ ಗೆರೆಯ ಉದ್ದಕ್ಕೂ ಮೊದಲ ಮಳೆಗೇ ಕುಸಿಯುತ್ತದೆ. ಪೈಪಿಗಾಗಿ ಕಾಯಬೇಕು, ಕಾಯಲಾಗದಿದ್ದರೆ ಪ್ರತಿ ಮನೆಯ ಎದುರು ಅಡ್ಡಕ್ಕೆ ನಾಲ್ಕಿಂಚಿನ ಪಿವಿಸಿ ಕೊಳವೆಯೊಂದನ್ನು ಮೊದಲೇ ಹೂತಿಡಬೇಕು. ಹೀಗೆ ರಸ್ತೆಯನ್ನು ಮುಂದಿನ ವರ್ಷಕ್ಕೆ ಇಡಲು ಮರ್ಯಾದೆಯ ಕಾರಣವೊಂದು ಸಿಕ್ಕಿತು. ಸಭೆಯಲ್ಲಿ ಸೋತವರಿಗೆ ಇಂಥದೊಂದು ಕಾರಣ ಬೇಕಾಗುತ್ತದೆ.

ಸಂಕ ಸುಲಭದ್ದೆಂದು ಅನಿಸಿದ್ದು ಸಭೆಯ ಅಂಗಳದಲ್ಲಿ ಮಾತ್ರ. ಅಸಿಸ್ಟೆಂಟ್ ಎಂಜಿನಿಯರ್ ಜಾಗ ನೋಡಲು ಬಂದಾಗ ಒಂದೊಂದೇ ತೊಡಕು ಎದ್ದಿತು. ಈಗಿರುವ ಅಡಿಕೆಮರದ ಸಂಕದಿಂದ ಮೂವತ್ತು ಮೀಟರ್ ಕೆಳಗೆ ತೋಟದವರು ಡಿಸೆಂಬರದಲ್ಲಿ ಕಲ್ಲು-ಮಣ್ಣಿನ ಕಟ್ಟ ಕಟ್ಟಿದ್ದಾರೆ. ಕಟ್ಟದ ನೀರು ಮಾರ್ಚ್‌ವರೆಗೆ ಸಂಕದ ಬುಡದಲ್ಲೇ ನಿಂತಿರುತ್ತದೆ. ಅಡಿಕೆಗೆ ಅದೇ ಜೀವ. ಅಡಿಪಾಯಕ್ಕೆ ಗುಂಡಿ ತೆಗೆಯಲು ಕಟ್ಟ ಒಡೆಯಿರಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗಾಗಿ ಎರಡೇ ದಾರಿ: ಕಟ್ಟದ ಕೆಳಗಡೆ ಸಂಕದ ಜಾಗ ಬದಲಿಸುವುದು, ಅಥವಾ ಏಪ್ರಿಲ್‌ವರೆಗೆ ಕಾದು ಏಪ್ರಿಲ್-ಮೇ ಎರಡೇ ತಿಂಗಳಲ್ಲಿ ಮುಗಿಸುವುದು. ಎರಡನೆಯದರಲ್ಲಿ ಆರ್ಥಿಕ ವರ್ಷ ದಾಟುತ್ತದೆ, ಬಿಲ್ಲು ಮುಂದಿನ ವರ್ಷಕ್ಕೆ ಬೀಳುತ್ತದೆ, ಮೇ ಕೊನೆಯ ಬೇಸಗೆ ಮಳೆ ಬಂದರೆ ಗುಂಡಿ ತುಂಬುತ್ತದೆ. ಕಟ್ಟದ ಕೆಳಗೆ ಹನ್ನೆರಡು ಮೀಟರ್ ದೂರದಲ್ಲಿ ಜಾಗ ಗುರುತಿಸಿದರು.

ಎತ್ತರಕ್ಕೆ ಊರವರ ಬಾಯಿಮಾತನ್ನು ನಂಬಲಿಲ್ಲ. ಒಬ್ಬರು ಸೊಂಟದಷ್ಟು ಎಂದರು, ಇನ್ನೊಬ್ಬರು ಎದೆಯಷ್ಟು. ಕಳೆದ ಮಳೆಗಾಲದ ಕೆಸರು ದಡದ ಅಡಿಕೆಮರಗಳ ಮೇಲೆ ಬಿಟ್ಟ ಗೆರೆಯನ್ನು ಐದು ಮರಗಳಲ್ಲಿ ಅಳೆದು, ಅತಿ ಎತ್ತರದ ಗುರುತಿನ ಮೇಲೆ ಸ್ಲ್ಯಾಬಿನ ತಳ ಬರುವಂತೆ ಮಾಡಿದರು. ದಡದ ಗೋಡೆಗೆ ಮುರಕಲ್ಲು ಆಗುವುದಿಲ್ಲ; ನೀರಿನ ಹೊಡೆತಕ್ಕೆ ಅದು ಕರಗುತ್ತಾ ಹೋಗುತ್ತದೆ. ಕಗ್ಗಲ್ಲೇ ಬೇಕು. ಅಗಲದ ಬಗ್ಗೆ ಚರ್ಚೆ ಆಯಿತು. 1.2 ಮೀಟರ್ ಇದ್ದರೆ ಕುರ್ಚಿಯಲ್ಲಿ ಕೂರಿಸಿ ರೋಗಿಯನ್ನು ಎರಡು ಮಂದಿ ಹೊತ್ತು ದಾಟಬಹುದು, ಬೈಕೂ ಹೋಗುತ್ತದೆ. ಯುವಕರು ಆಟೋ ಹೋಗುವಷ್ಟು ಬೇಕೆಂದರು. ಆಟೋ ಎಂದರೆ ಅದು ಸಂಕವಲ್ಲ, ಸೇತುವೆ. ವಿನ್ಯಾಸ, ಮಣ್ಣುಪರೀಕ್ಷೆ, ಖರ್ಚು ಎಲ್ಲವೂ ಬೇರೆ ಮಟ್ಟಕ್ಕೆ ಹೋಗುತ್ತದೆ. ಕಾಲುಸಂಕಕ್ಕೂ ವಾರ್ಡು ಪಾಲು ಒಂದೇ ಸಾಲದೆ ಬ್ಲಾಕ್ ಪಂಚಾಯತ್ ಸದಸ್ಯರ ಮನೆಗೆ ಮೂರು ಸಲ ಹೋಗಬೇಕಾಯಿತು. ಅವರು ಬೇರೆ ಪಕ್ಷದವರು. ಕಲ್ಲಿನ ಫಲಕದಲ್ಲಿ ಎರಡೂ ಹೆಸರು ಒಂದೇ ಅಳತೆಯ ಅಕ್ಷರದಲ್ಲಿ ಎಂಬ ಮಾತಿನ ಮೇಲೆ ಒಪ್ಪಂದವಾಯಿತು.

ರಸ್ತೆಯ ಮಾತು ಕೊಟ್ಟಿದ್ದ ಮನೆಗೆ ಸದಸ್ಯೆ ಸಭೆಯ ಮರುದಿನ ಬೆಳಿಗ್ಗೆಯೇ ಹೋದರು, ಯಾರಿಂದಲೋ ಕೇಳಿ ತಿಳಿಯುವ ಮೊದಲು. ಹಿರಿಯರು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದರು. “ಸಭೆಗೆ ನಾನೂ ಬರಬೇಕಿತ್ತು ಅಲ್ವಾ” ಎಂದರು. ಚಹಾ ಕೊಟ್ಟರು. ಫೆಬ್ರವರಿಯ ಅವರ ಮನೆಯ ಪೂಜೆಗೆ ಹೇಳಿಕೆ ಬರಲಿಲ್ಲ.

ಉಳಿದದ್ದು ಜಾಗದ ಒಪ್ಪಿಗೆ. ಸಂಕದ ಎರಡು ಬುಡವೂ ಖಾಸಗಿ ಜಾಗದಲ್ಲಿ; ಅಲ್ಲಿಗೆ ಹೋಗುವ ಕಾಲುದಾರಿ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇಲ್ಲ. ರಿಜಿಸ್ಟರಿಗೆ ಸೇರದ ದಾರಿಗೆ ಸರಕಾರದ ದುಡ್ಡು ಹಾಕುವಂತಿಲ್ಲ, ಆಡಿಟ್‌ನಲ್ಲಿ ಅದು ಸದಸ್ಯರ ತಲೆಗೇ ಬರುತ್ತದೆ. ‘ಆಯ್ತು, ಮಾಡಿ’ ಎಂಬ ಬಾಯಿಮಾತು ಸಾಲದು. ಸರ್ವೆ ನಂಬರು, ಅಳತೆ ಸಹಿತ ಕಾರ್ಯದರ್ಶಿಯ ಹೆಸರಿಗೆ ಒಪ್ಪಿಗೆ ಪತ್ರ ಬೇಕು, ಜಾಗ ಜಂಟಿಯಾಗಿದ್ದರೆ ಎಲ್ಲರ ಸಹಿಯೂ ಬೇಕು. ಪಶ್ಚಿಮದ ದಡದವರು ಅದೇ ವಾರ ಕೊಟ್ಟರು. ಪೂರ್ವದ ದಡ ಅಣ್ಣತಮ್ಮಂದಿರ ಜಂಟಿ ಆಸ್ತಿ, ತಮ್ಮ ಮುಂಬೈಯಲ್ಲಿ. ಅವರಿಗೆ ಪತ್ರ ಕಳಿಸಿ, ಹದಿನೆಂಟು ದಿನಕ್ಕೆ ಸ್ಪೀಡ್ ಪೋಸ್ಟಿನಲ್ಲಿ ತಿರುಗಿ ಬಂತು. ಬಿಡಿಸಿ ನೋಡಿದರೆ ಸಹಿ ಮೊದಲ ಪುಟಕ್ಕೆ ಮಾತ್ರ ಬಿದ್ದಿದೆ. ಅಳತೆ ಇದ್ದ ಎರಡನೇ ಪುಟ ಖಾಲಿ. ಎರಡನೇ ಪುಟವನ್ನು ಮತ್ತೆ ಕಳಿಸಿದರು, ಸಹಿ ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಗುಣಿಸು ಗುರುತು ಹಾಕಿ.